ಅಣ್ಣೆಸೊಪ್ಪಿನ ಎಸಳು

"ನನಗೆ ಕಳೆಗೂ ಬೆಳೆಗೂ ವ್ಯತ್ಯಾಸ ಗೊತ್ತಿಲ್ಲ. ಇದು ಯಾರಿಗೂ ತಿಳಿಯಬಾರದು."

ಅನಸೂಯ ಡೈರಿಯಲ್ಲಿ ಇಷ್ಟು ಬರೆದು, ಮಸಿ ಆರುವ ತನಕ ಊದಿ, ಪುಸ್ತಕವನ್ನು ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟಳು. ಆ ಸೀರೆಯನ್ನು ಅವಳು ಉಡುತ್ತಿದ್ದದ್ದು ವರ್ಷಕ್ಕೊಂದು ಸಲ. ಗುಟ್ಟಿಗೆ ಅದಕ್ಕಿಂತ ಭದ್ರವಾದ ಜಾಗ ಮನೆಯಲ್ಲಿ ಇರಲಿಲ್ಲ.

ಬೇರೆ ಯಾರದಾದರೂ ಆಗಿದ್ದರೆ ಇದು ಗುಟ್ಟು ಅನ್ನಿಸಿಕೊಳ್ಳುವಷ್ಟು ದೊಡ್ಡ ವಿಷಯವಲ್ಲ. ಪೇಟೆಯ ಶೆಟ್ಟರ ಮಗಳಿಗೆ ಕಳೆ ಗೊತ್ತಿಲ್ಲವೆಂದರೆ ಯಾರು ಕೇಳುತ್ತಾರೆ? ಆದರೆ ಅನಸೂಯ ಒಕ್ಕಲು ಮನೆಯ ಮಗಳು. ಬಂಗಾರಪೇಟೆಯಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಅವಳ ಅಪ್ಪ ಶ್ರೀನಿವಾಸಪ್ಪನಿಗೆ ಎಂಟು ಎಕರೆ ಹೊಲ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ, ಬಾವಿಯ ಕೆಳಗೆ ಮೆಣಸಿನಕಾಯಿ ತೋಟ. ಅವಳಿಗೆ ಆರು ವರ್ಷವಾದಾಗ, ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಸೋದರಮಾವ ಓದಿಸುತ್ತೇನೆಂದು ಮೈಸೂರಿಗೆ ಕರೆದುಕೊಂಡು ಹೋದ. ಹೊಲದಲ್ಲಿ ಕಲಿಯುವ ವಯಸ್ಸೆಲ್ಲ ಹೀಗೆ ಸ್ಲೇಟಿನ ಮೇಲೆ ಕಳೆಯಿತು. ಹದಿನೈದು ವರ್ಷ ಕಳೆದು ಹೆಸರಿನ ಮುಂದೆ ಬಿ.ಎ. ಹಾಕಿಸಿಕೊಂಡು ಬಂದು ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಮ್ಮ ಆದಳು. ಸುತ್ತಿನ ಒಕ್ಕಲು ಮನೆಗಳಲ್ಲಿ ಅಷ್ಟು ಓದಿದ ಹೆಣ್ಣು ಅವಳೊಬ್ಬಳೇ. ಹಾಗಾಗಿ ಜನ ಮಳೆ ಯಾವಾಗ ಬರುತ್ತದೆ ಎಂಬುದರಿಂದ ಹಿಡಿದು ಎಮ್ಮೆಯ ಹೊಟ್ಟೆ ಉಬ್ಬರದ ತನಕ ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದರು. ಅವಳು ಉತ್ತರ ಗೊತ್ತಿಲ್ಲದೆ ಸುಮ್ಮನಿದ್ದರೆ ಅದನ್ನು ಗಾಂಭೀರ್ಯ ಅಂದುಕೊಳ್ಳುತ್ತಿದ್ದರು.

ಅನಸೂಯಳಿಗೆ ಸೊಪ್ಪು ಗೊತ್ತಿರಲಿಲ್ಲವೆಂದಲ್ಲ. ಅವಳಿಗೆ ಅಡುಗೆ ಮಾಡಿಹಾಕಲು ಹಳ್ಳಿಯಿಂದ ಬಂದು ಜೊತೆಗಿದ್ದ ಅಜ್ಜಿ ದೊಡ್ಡಮುನಿಯಮ್ಮ ವಾರಕ್ಕೆ ನಾಲ್ಕು ದಿನ ಮಸ್ಸೊಪ್ಪಿನ ಸಾರೇ ಮಾಡುತ್ತಿದ್ದಳು. ಅದಕ್ಕೆ ಅಣ್ಣೆ, ಕೀರೆ, ಗಣಿಕೆ, ಹೊನಗೊನೆ ಎಲ್ಲ ಬೀಳುತ್ತಿದ್ದವು. ಆದರೆ ಮಸೆದು ಬಟ್ಟಲಿಗೆ ಬಂದಮೇಲೆ ಎಲ್ಲವೂ ಒಂದೇ ಹಸಿರು ಮುದ್ದೆ. ಹೊಲದಲ್ಲಿ ನಿಂತಾಗ ಅವು ಹೇಗೆ ಕಾಣುತ್ತವೆಂಬುದನ್ನು ಅವಳು ಕೇಳಿಯೂ ಇರಲಿಲ್ಲ, ಕೇಳಲು ನಾಚಿಕೆಯೂ ಆಗಿತ್ತು.

ಡೈರಿಯಲ್ಲಿ ಆ ಸಾಲು ಬರೆಯಬೇಕಾಗಿ ಬಂದದ್ದು ಮೂವತ್ತೇಳನೇ ಇಸವಿಯ ನವೆಂಬರಿನಲ್ಲಿ. ಚಿನ್ನದ ಗಣಿಯ ದೊರೆಸಾನಿಯರು ಜನವರಿಯ ಕೊನೆಗೆ ಚಾಂಪಿಯನ್ ರೀಫ್ಸಿನ ಮೈದಾನದಲ್ಲಿ ಹೂವಿನ ಪ್ರದರ್ಶನ ನಡೆಸುತ್ತಿದ್ದರು. ಆ ವರ್ಷ ಶಾಲೆಯ ಮಕ್ಕಳಿಗೂ ಒಂದು ಪಂಥ ಇಟ್ಟರು. ಒಂದೊಂದು ಶಾಲೆಗೆ ಹನ್ನೆರಡು ಅಡಿ ಚೌಕದ ಜಾಗ. ಮಕ್ಕಳೇ ನಕ್ಷೆ ಮಾಡಿ, ಮಕ್ಕಳೇ ಅಗೆದು ಬಿತ್ತಿ ಒಂದು ತೋಟ ಎಬ್ಬಿಸಬೇಕು. ಇಂಗ್ಲಿಷಿನಲ್ಲಿ ಬಂದ ಕಾಗದವನ್ನು ಹೆಡ್‌ಮಿಸ್ಟ್ರೆಸ್ ವೆಂಕಟರತ್ನಮ್ಮನವರು ಎರಡು ಸಲ ಓದಿ, ಕನ್ನಡಕ ತೆಗೆದು, ನಮ್ಮಲ್ಲಿ ಬಿ.ಎ. ಆದವರೂ ಇದ್ದಾರೆ, ಒಕ್ಕಲುತನದವರೂ ಇದ್ದಾರೆ, ಎರಡೂ ಒಬ್ಬರೇ ಆಗಿರುವುದು ದೇವರ ದಯೆ ಎಂದು ಕಾಗದವನ್ನು ಅನಸೂಯಳ ಕೈಗಿಟ್ಟರು. ಅನಸೂಯ ಬಾಯಿ ತೆರೆದಳು. ಮುಚ್ಚಿದಳು. ಹೆಡ್‌ಮಿಸ್ಟ್ರೆಸ್ಸರ ಲೆಕ್ಕದಲ್ಲಿ ಅದು ಒಪ್ಪಿಗೆ.

ನಕ್ಷೆಯ ದಿನ ಅವಳು ಮೈಸೂರಿನ ಪಾರ್ಕುಗಳನ್ನು ನೆನೆದು ಒಂದು ಚಿತ್ರ ಬರೆದು ತಂದಳು. ನಡುವೆ ಹುಲ್ಲುಹಾಸು, ಸುತ್ತ ಅರ್ಧಚಂದ್ರದ ಪಾತಿಗಳು, ಮೂಲೆಯಲ್ಲಿ ಒಂದು ಕಲ್ಲುಬೆಂಚು. ಹುಡುಗಿಯರು ಗೌರವದಿಂದ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಅಶ್ವತ್ಥಮ್ಮ ಎದ್ದು ನಿಂತು, ಅಷ್ಟು ಹುಲ್ಲು ಬೆಳೆಸಿದರೆ ಅದನ್ನು ಮೇಯೋರು ಯಾರು ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅಶ್ವತ್ಥಮ್ಮ ಅನಸೂಯಳ ಊರಿನವಳೇ, ಚಿಕ್ಕವೆಂಕಟಪ್ಪನ ಮಗಳು. ವಯಸ್ಸು ಹದಿಮೂರು. ದಿನಾ ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದಳು. ಹದಿನೇಳರ ಮಗ್ಗಿ ಅವಳ ಬಾಯಲ್ಲಿ ಯಾವತ್ತೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆದರೆ ಕಳೆ ಕೀಳುವುದರಲ್ಲಿ ಅವಳಿಗೆ ಊರಿನಲ್ಲೇ ಹೆಸರಿತ್ತು. ನಮ್ಮ ಕಡೆ ಹೆಂಗಸರು ಮುಯ್ಯಿ ಕಟ್ಟಿಕೊಳ್ಳುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆ ಗುಂಪಿನಲ್ಲಿ ಮಕ್ಕಳನ್ನು ಸೇರಿಸುವುದಿಲ್ಲ, ಬೆಳೆಯನ್ನೂ ಕಿತ್ತುಬಿಡುತ್ತಾರೆ ಎಂದು. ಅಶ್ವತ್ಥಮ್ಮನನ್ನು ಮಾತ್ರ ಹನ್ನೊಂದನೇ ವಯಸ್ಸಿಗೇ ದೊಡ್ಡವರ ಸಾಲಿನಲ್ಲಿ ಕೂರಿಸಿಕೊಂಡಿದ್ದರು. ಶಾಲೆಯ ಯಾವ ಬಹುಮಾನಕ್ಕಿಂತಲೂ ಅವಳಿಗೆ ಅದು ದೊಡ್ಡದು.

ಹುಲ್ಲುಹಾಸು ಬೇಡವೆಂದಮೇಲೆ ಇನ್ನೇನು ಎಂದು ಚರ್ಚೆಯಾಯಿತು. ಒಬ್ಬಳು ನಡುವೆ ರಾಗಿ ಕಣ ಮಾಡೋಣವೆಂದಳು. ಇನ್ನೊಬ್ಬಳು ತುಳಸಿಕಟ್ಟೆ ಎಂದಳು. ಮಾತು ಜಡೆ ಹಿಡಿಯುವ ಮಟ್ಟಕ್ಕೆ ಹೋದಾಗ ಅಶ್ವತ್ಥಮ್ಮ ಎದ್ದುಹೋಗಿ ರಂಗೋಲಿ ಪುಡಿ ತಂದು, ಜಗುಲಿಯ ಮೇಲೆ ಚುಕ್ಕಿ ಇಟ್ಟು ಎಳೆದೇಬಿಟ್ಟಳು. ಎಂಟೆಸಳಿನ ಹೂವು. ಒಂದೊಂದು ಎಸಳು ಒಂದೊಂದು ಪಾತಿ, ಎಸಳಿನ ನಡುವಿನ ಗೆರೆ ಓಡಾಡುವ ದಾರಿ. ಅನಸೂಯ ತನ್ನ ಚಿತ್ರವನ್ನು ಮಡಚಿ ಪುಸ್ತಕದೊಳಗೆ ಸೇರಿಸಿದಳು. ಅದು ಇವತ್ತಿಗೂ ಅಲ್ಲೇ ಇರಬೇಕು.

ಮೈದಾನದಲ್ಲಿಯೂ ಅವರು ಹಾಗೇ ಮಾಡಿದರು. ಬೇರೆ ಶಾಲೆಯವರು ಗೂಟ ನೆಟ್ಟು ಟೇಪು ಹಿಡಿದು ಅಳೆಯುತ್ತಿದ್ದರೆ, ಈ ಹುಡುಗಿಯರು ಚುಕ್ಕಿಗೊಂದು ಬೆಣಚುಕಲ್ಲು ಇಟ್ಟು, ದನ ಕಟ್ಟುವ ಹಗ್ಗವನ್ನು ಕಲ್ಲಿನಿಂದ ಕಲ್ಲಿಗೆ ಬಳಸಿ, ಸೊಂಟ ಬಗ್ಗಿಸಿ ಕಣ್ಣಳತೆಯಲ್ಲೇ ಎಂಟು ಎಸಳು ಬಿಡಿಸಿದರು. ಪಕ್ಕದ ಜಾಗದಲ್ಲಿ ಗಣಿಯ ರಾಟೆಯ ಗೋಪುರವನ್ನು ಬಿದಿರಿನಲ್ಲಿ ಕಟ್ಟುತ್ತಿದ್ದ ಹೈಸ್ಕೂಲು ಹುಡುಗರು ಮುಸಿಮುಸಿ ನಕ್ಕರು, ಮುಂದೆ ಹಸೆಮಣೆಯೂ ಬರುತ್ತದಾ ಎಂದು ಕೇಳಿದರು. ಮೈದಾನದ ಮಾಲಿ ಸೀನಪ್ಪ ಮಾತ್ರ ತನ್ನ ಟೇಪು ತಂದು ಒಂದೊಂದು ಎಸಳನ್ನೂ ಅಳೆದು, ಒಂದಕ್ಕೂ ಇನ್ನೊಂದಕ್ಕೂ ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲದ್ದನ್ನು ಕಂಡು, ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಗೊಬ್ಬರದ್ದು ಬೇರೆ ಕಥೆ. ಮೈದಾನದ ಮಣ್ಣು ಗಟ್ಟಿ, ಬರೀ ಗರಸು. ಹುಡುಗಿಯರು ತಲೆಗೊಂದು ಮಂಕರಿಯಂತೆ ತಮ್ಮ ತಮ್ಮ ಮನೆಯ ತಿಪ್ಪೆಯ ಗೊಬ್ಬರ ಹೊತ್ತು ತಂದು, ಶನಿವಾರದ ಮಾರಿಕುಪ್ಪಂ ರೈಲಿನ ಹೆಂಗಸರ ಡಬ್ಬಿಗೆ ಏರಿಸಿದರು. ಟಿಕೆಟ್ ನೋಡುವವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು, ಇದರ ಜವಾಬ್ದಾರಿ ಯಾರದೆಂದು ಕೇಳಿದ. ಅನಸೂಯ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಳು. ಅಶ್ವತ್ಥಮ್ಮ ಮಂಕರಿಯ ಮೇಲಿನ ಗೋಣಿ ಸರಿಸಿ, "ಸ್ವಾಮೀ, ಇದು ದೊರೆಸಾನೀರಿಗೆ ಓಗ್ತಾ ಐತೆ" ಅಂದಳು. ಅವನು ಕರವಸ್ತ್ರ ಕೆಳಗಿಳಿಸಿ ಮುಂದಿನ ಡಬ್ಬಿಗೆ ಹೋದ.

ಬೀಜ ಬೆಂಗಳೂರಿನಿಂದ ಬಂತು. ಬಣ್ಣದ ಚಿತ್ರವಿದ್ದ ನಾಲ್ಕು ಬಗೆಯ ಪೊಟ್ಟಣ: ಫ್ಲಾಕ್ಸ್, ಆಸ್ಟರ್, ಪ್ಯಾನ್ಸಿ, ಪೆಟೂನಿಯ. ಒಂದು ಬಗೆಗೆ ಎರಡೆರಡು ಎಸಳೆಂದು ಅನಸೂಯ ತಾನೇ ಲೆಕ್ಕ ಹಾಕಿ, ತಾನೇ ಕೈಯಾರೆ ಬಿತ್ತಿದಳು. ಸಾಸಿವೆಗಿಂತ ಸಣ್ಣ ಬೀಜ. ಅದರೊಳಗಿಂದ ಚಿತ್ರದಲ್ಲಿದ್ದ ಹೂವು ಬರುತ್ತದೆಂದು ನಂಬುವುದು ಕಷ್ಟವಾದರೂ ನಂಬಿದಳು. ದಿನಾ ನೀರು ಹಾಕುವ ಕೆಲಸ ಸೀನಪ್ಪನದು.

ಡಿಸೆಂಬರಿನ ಎರಡನೇ ಶನಿವಾರ ಅವರು ಹೋದಾಗ ಎಂಟೂ ಎಸಳು ಹಸಿರಾಗಿದ್ದವು. ಬೆರಳುದ್ದದ ಸಸಿಗಳು, ಸಾವಿರಾರು, ಎಲ್ಲ ಒಂದರೊಳಗೊಂದು. ಅನಸೂಯಳ ಎದೆ ಅರಳಿತು. ಅಶ್ವತ್ಥಮ್ಮ ಮಾತ್ರ ಸೊಂಟದಿಂದ ಪುಟ್ಟ ಕುಡುಗೋಲು ತೆಗೆದು, ಕಳೆ ಬಾಳ ಐತೆ ಟೀಚರಮ್ಮ, ಇವತ್ತೇ ತೆಗೀಬೇಕು ಅಂದಳು. ಹುಡುಗಿಯರು ಎಸಳಿಗಿಬ್ಬರಂತೆ ಕೂತರು. ಅಶ್ವತ್ಥಮ್ಮ ಕೂತಲ್ಲಿಂದಲೇ ಎರಡು ಸಸಿ ಎತ್ತಿ ಹಿಡಿದಳು. ಎಡಗೈಯಲ್ಲಿ ಮೆತ್ತಗೆ, ಬಡಕಲಾಗಿ, ತಿಳಿಹಸಿರಾಗಿ ಇದ್ದದ್ದು. ಬಲಗೈಯಲ್ಲಿ ದಿಟ್ಟವಾಗಿ, ನೆಟ್ಟಗೆ, ಕಾಂಡ ತುಸು ಕೆಂಪಾಗಿ ಇದ್ದದ್ದು.

"ಇದು ನಾ ಎಲ್ಲೂ ಕಂಡಿಲ್ಲ ಟೀಚರಮ್ಮ. ಕೀಳ್ಲಾ?" ಎಂದು ಎಡಗೈ ಆಡಿಸಿದಳು.

ಹದಿನಾರು ಜೊತೆ ಕಣ್ಣು ಟೀಚರಮ್ಮನ ಕಡೆ ತಿರುಗಿದವು. ಅನಸೂಯಳಿಗೆ ಪೊಟ್ಟಣದ ಚಿತ್ರ ನೆನಪಿತ್ತು, ಆದರೆ ಅದರಲ್ಲಿ ಇದ್ದದ್ದು ಹೂವು, ಸಸಿಯಲ್ಲ. ಗೊತ್ತಿಲ್ಲವೆನ್ನಲು ಆ ಗಳಿಗೆಯಲ್ಲಿ ಒಂದೇ ಮಾತು ಸಾಕಿತ್ತು. ಆದರೆ ಪಕ್ಕದ ಗೋಪುರದ ಹುಡುಗರೂ ಕಿವಿಗೊಟ್ಟಿದ್ದರು. ಸಾವಿರ ರೂಪಾಯಿ ಕೊಟ್ಟು ಬೆಂಗಳೂರಿನಿಂದ ತರಿಸುವ ಗಿಡ ಬಡಕಲಾಗಿರುತ್ತದೆಯೇ, ಬಲಗೈಯದ್ದೇ ಇರಬೇಕು ಎಂದು ಅವಳಷ್ಟಕ್ಕೆ ಅವಳು ತರ್ಕ ಮಾಡಿದಳು. ಸಾವಿರ ರೂಪಾಯಿಯೇನೂ ಆಗಿರಲಿಲ್ಲ, ಪೊಟ್ಟಣಕ್ಕೆ ನಾಲ್ಕಾಣೆ. ಭಯದಲ್ಲಿ ಎಲ್ಲವೂ ದೊಡ್ಡದಾಗುತ್ತದೆ.

"ಹ್ಞೂಂ, ಕೀಳು" ಅಂದಳು. ಬಲಗೈ ತೋರಿಸಿ, "ಅದೇ ನಮ್ಮದು."

ಅಶ್ವತ್ಥಮ್ಮನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ಬಗೆಯ ಸಂತೋಷ ಕಾಣಿಸಿತು. ನಮ್ಮ ಟೀಚರಮ್ಮ ನಮ್ಮದನ್ನೇ ಆರಿಸಿಕೊಂಡರು ಎಂಬ ಸಂತೋಷ ಅದು ಎಂದು ಅನಸೂಯಳಿಗೆ ಹೊಳೆದದ್ದು ಬಹಳ ತಡವಾಗಿ. ಹುಡುಗಿಯರು ತಲೆ ಬಗ್ಗಿಸಿದರು. ಕೈಗಳು ಕೋಳಿ ಕಾಳು ಹೆಕ್ಕುವ ಹಾಗೆ ಓಡಿದವು. ಕಿತ್ತದ್ದಷ್ಟೇ ಅಲ್ಲ. ಕಲಸುಮೇಲೋಗರವಾಗಿ ಇದ್ದರೆ ಚೆಂದ ಕಾಣುವುದಿಲ್ಲವೆಂದು ಅಶ್ವತ್ಥಮ್ಮ ಉಳಿದದ್ದನ್ನು ಬಗೆಬಗೆಯಾಗಿ ಬೇರ್ಪಡಿಸಿ, ರಾಗಿ ಪೈರು ನಾಟಿ ಮಾಡಿದ ಹಾಗೆ ಒಂದೊಂದು ಬಗೆಯನ್ನು ಎರಡೆರಡು ಎಸಳಿಗೆ ನೆಡಿಸಿದಳು. ಅಷ್ಟು ಹೊತ್ತಿಗೆ ಅನಸೂಯ ಸೀನಪ್ಪನ ಗುಡಿಸಲ ನೆರಳಿನಲ್ಲಿ ಕೂತು, ಬದುಕಿಕೊಂಡೆ ಎಂದು ಡೈರಿಗೆ ಬರೆಯಬೇಕಾದ ಸಾಲನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು.

ಸಂಜೆಯ ರೈಲಿಗೆ ಹೊರಡುವಾಗ ಬೆಂಗಳೂರಿನ ಫ್ಲಾಕ್ಸು, ಆಸ್ಟರು, ಪ್ಯಾನ್ಸಿ, ಪೆಟೂನಿಯಗಳೆಲ್ಲ ಬೇರು ಮೇಲಾಗಿ ಬೇಲಿಯಾಚೆ ಬಿದ್ದಿದ್ದವು. ಸೀನಪ್ಪನ ಆಡು ಅವನ್ನು ಮೂಸಿ ನೋಡಿ ಬಿಟ್ಟುಹೋಯಿತು.

ಅಲ್ಲಿಂದ ಒಂದು ತಿಂಗಳು ಅನಸೂಯಳಿಗೆ ಸುಖವೇ ಸುಖ. ತೋಟ ಶನಿವಾರದಿಂದ ಶನಿವಾರಕ್ಕೆ ಗೇಣು ಗೇಣು ಏರಿತು. ಎರಡು ಎಸಳು ಕಡುಹಸಿರು, ಎರಡು ರಕ್ತಗೆಂಪು, ಎರಡು ನೆಲಕ್ಕೆ ಹಬ್ಬಿದ ದಪ್ಪ ಎಲೆ, ಇನ್ನೆರಡು ನೆಟ್ಟಗೆ ನಿಂತು ತುದಿಯಲ್ಲಿ ಗುಲಾಬಿ ಬಣ್ಣದ ಕುಚ್ಚು ಬಿಡಲು ಶುರುಮಾಡಿದ್ದವು. ಪೊಟ್ಟಣದ ಚಿತ್ರಕ್ಕೂ ಇದಕ್ಕೂ ಹೋಲಿಕೆ ಅಷ್ಟಾಗಿ ಇರಲಿಲ್ಲ, ನಿಜ. ಆದರೆ ಮದುವೆಗೆ ಮುಂಚೆ ಕಳಿಸುವ ಫೋಟೋಗೂ ಗಂಡಿಗೂ ಹೋಲಿಕೆ ಇರುತ್ತದೆಯೇ ಎಂದು ಡೈರಿಯಲ್ಲಿ ಸಮಾಧಾನ ಬರೆದುಕೊಂಡಳು. ಸೀನಪ್ಪ ಬಂದು ನೋಡುತ್ತಿದ್ದ, ಮೀಸೆ ತೀಡುತ್ತಿದ್ದ, ಹೋಗುತ್ತಿದ್ದ. ಅವನಿಗೆ ಮೊದಲ ದಿನವೇ ತಿಳಿದಿತ್ತು. ಆಮೇಲೆ ಕೇಳಿದಾಗ, ಅಷ್ಟು ಓದಿದೋರು, ಏನೋ ಲೆಕ್ಕ ಇರ್ತದೆ ಅಂದ್ಕೊಂಡೆ ಅಂದ.

ಸಂಕ್ರಾಂತಿ ಕಳೆದ ಶನಿವಾರ ಅಜ್ಜಿ ದೊಡ್ಡಮುನಿಯಮ್ಮ ತಾನೂ ಬರುತ್ತೇನೆಂದು ರೈಲು ಹತ್ತಿದಳು. ಮೊಮ್ಮಗಳ ಊವಿನ ತೋಟ ನೋಡಬೇಕಂತೆ. ಮೈದಾನಕ್ಕೆ ಬಂದು ಹಗ್ಗ ದಾಟಿ, ಒಂದು ಎಸಳಿನ ಹತ್ತಿರ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು. ಏನಾದರೂ ಹೇಳುತ್ತಾಳೆಂದು ಅನಸೂಯ ಕಾದಳು. ಅಜ್ಜಿ ಸೆರಗನ್ನು ಸೊಂಟಕ್ಕೆ ಕಟ್ಟಿ ಜೋಳಿಗೆ ಮಾಡಿಕೊಂಡು, ಕೂತು, ಚಕಚಕನೆ ಎಳೆಯ ಕುಡಿ ಚಿವುಟತೊಡಗಿದಳು.

"ಅಜ್ಜಿ, ಏನು ಮಾಡ್ತಿದ್ದೀಯ? ಅದು ಫ್ಲಾಕ್ಸು."

"ಏನಾರಾ ಅನ್ಕೋ ಅಮ್ಮಿ" ಅಂದಳು ಅಜ್ಜಿ, ಕೈ ನಿಲ್ಲಿಸದೆ. "ನಾವು ಅಣ್ಣೆಸೊಪ್ಪು ಅಂತೀವಿ. ಅದು ಕೀರೆ, ಇದು ಗಣಿಕೆ, ಆ ಹಬ್ಬಿರೋದು ಹೊನಗೊನೆ. ಬಲಿತುಬಿಟ್ಟೈತೆ, ಓದ್ವಾರವೇ ಕರ್ಕೊಂಡ್ ಬರಬಾರ್ದಿತ್ತಾ?"

ಅನಸೂಯ ಗುಲಾಬಿ ಕುಚ್ಚಿನ ಗಿಡದ ಮುಂದೆ ಕೂತಳು. ಹದಿನೈದು ವರ್ಷ ಮೈಸೂರಿನಲ್ಲೂ ಎರಡು ವರ್ಷ ಇಲ್ಲಿಯೂ ಅವಳು ಉಂಡ ಸಾರೆಲ್ಲ ಎಲೆ ಬಿಟ್ಟು ಸಾಲಾಗಿ ಎದುರಿಗೆ ನಿಂತು ಅವಳನ್ನೇ ನೋಡುತ್ತಿದ್ದ ಹಾಗಿತ್ತು. ಗೊಬ್ಬರದ ಜೊತೆಗೆ ಮಂಕರಿಯಲ್ಲಿ ಕೂತು ರೈಲಿನಲ್ಲಿ ಬಂದ ಬೀಜ ಇವು. ಟಿಕೆಟ್ಟೂ ಇಲ್ಲದೆ.

ಗುಟ್ಟು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅಜ್ಜಿಗೆ ಹಂಚಿ ತಿನ್ನುವ ಅಭ್ಯಾಸ. ಎರಡು ಮನೆ ಆಚೆಯಿದ್ದ ಹೆಡ್‌ಮಿಸ್ಟ್ರೆಸ್ ವೆಂಕಟರತ್ನಮ್ಮನವರಿಗೂ ಒಂದು ಹಿಡಿ ಕೊಟ್ಟು, ನಿಮ್ಮ ಇಸ್ಕೂಲಿನದೇ ತಾಯೀ ಎಂದು ಹೇಳಿ ಬಂದಳು. ಅವರು ಅದರ ಸಾರು ಮಾಡಿ, ಉಂಡು, ಕೈ ತೊಳೆದ ಮೇಲೆ ಯೋಚನೆ ಶುರುವಾಯಿತು.

ಸೋಮವಾರ ಬೆಳಿಗ್ಗೆ ಅನಸೂಯಳನ್ನು ಕರೆಸಿದರು. "ಸಾರೇನೋ ಚೆನ್ನಾಗಿತ್ತು ಅನಸೂಯಮ್ಮ. ಆದರೆ ನಾವು ಬಿತ್ತಿದ್ದು ಹೂವಲ್ಲವೇ?"

ವೆಂಕಟರತ್ನಮ್ಮನವರು ಕೆಟ್ಟವರಲ್ಲ. ಆದರೆ ಅವರಿಗೆ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುವ ಚಟ. ಬೆಂಗಳೂರಿನ ಬೀಜ ಮೊಳೆಯದೆ ಇರಲು ಸಾಧ್ಯವಿಲ್ಲ, ಮೊಳೆತದ್ದನ್ನು ಯಾರೋ ಕಿತ್ತಿದ್ದಾರೆ, ಅಂದು ಕಳೆಗೆ ಕೂತವರು ಹಳ್ಳಿಯ ಹುಡುಗಿಯರು, ಅವರನ್ನು ಕೂರಿಸಿದವಳು ಆ ಕುಡುಗೋಲಿನ ಅಶ್ವತ್ಥಮ್ಮ, ನೀವು ಆ ಕಡೆ ತಿರುಗಿದಾಗ ಕೆಲಸ ನಡೆದಿದೆ ಎಂದು ಒಂದರ ಮೇಲೊಂದು ಇಟ್ಟು ಕಟ್ಟಿ ಮುಗಿಸಿದರು. ಅನಸೂಯ ನುಸುಳಿಕೊಂಡು ಹೋಗುವಷ್ಟು ಬಾಗಿಲನ್ನು ಅವರೇ ತೆರೆದಿಟ್ಟಿದ್ದರು. ಅನಸೂಯ ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಅವಳ ಮೌನ ಆ ಶಾಲೆಯಲ್ಲಿ ಯಾವತ್ತೂ ಒಪ್ಪಿಗೆಯಾಗಿಯೇ ಚಲಾವಣೆಯಾಗುತ್ತಿತ್ತು. ಅಂದೂ ಆಯಿತು.

ಅಶ್ವತ್ಥಮ್ಮನನ್ನು ಕರೆದು ಎಲ್ಲರೆದುರು, ಹೂವಿನ ಗಿಡ ಯಾವುದು ಕಳೆ ಯಾವುದು ಗೊತ್ತಿಲ್ಲದವಳು ಕುಡುಗೋಲು ಯಾಕೆ ಹಿಡಿದೆ ಎಂದು ಕೇಳಿದರು. ಹುಡುಗಿ ಒಂದು ಸಲ ಅನಸೂಯಳ ಮುಖ ನೋಡಿದಳು. ಟೀಚರಮ್ಮನೇ ಹೇಳಿದ್ದು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ದೊಡ್ಡವರ ಮಾತನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬಾರದೆಂಬ ಮನೆಯ ಪಾಠ ಅವಳಿಗೆ ಹದಿನೇಳರ ಮಗ್ಗಿಗಿಂತ ಚೆನ್ನಾಗಿ ಬಂದಿತ್ತು. ಪ್ರದರ್ಶನದ ದಿನ ತೋಟದ ಹತ್ತಿರ ನಿಲ್ಲುವವರ ಪಟ್ಟಿಯಿಂದ ಅವಳ ಹೆಸರು ಹೋಯಿತು. ಶಾಲೆಯ ಹೆಸರು ಆಗಲೇ ದೊರೆಸಾನಿಯರ ಪುಸ್ತಕದಲ್ಲಿ ಅಚ್ಚಾಗಿದ್ದರಿಂದ ಹಿಂದೆ ಸರಿಯುವ ಹಾಗಿರಲಿಲ್ಲ. ವೆಂಕಟರತ್ನಮ್ಮನವರು ಒಂದು ಹಲಗೆ ಬರೆಸಿದರು: "ನಮ್ಮ ನಾಡಿನ ಸೊಪ್ಪಿನ ತೋಟ. ವಿನ್ಯಾಸ: ಮಿಸ್ ಅನಸೂಯಮ್ಮ, ಬಿ.ಎ." ಆಗಿಹೋದದ್ದನ್ನು ಬೇಕೆಂದೇ ಮಾಡಿದ ಹಾಗೆ ತೋರಿಸುವುದರಲ್ಲಿ ಅವರಿಗೆ ಇಪ್ಪತ್ತು ವರ್ಷದ ಅನುಭವವಿತ್ತು.

ಮಾರನೆಯ ದಿನದಿಂದ ಅಶ್ವತ್ಥಮ್ಮ ಶಾಲೆಗೆ ಬರಲಿಲ್ಲ. ಸುದ್ದಿ ಬಂದದ್ದು ಹಾಲಿನವಳಿಂದ ಅಜ್ಜಿಗೆ, ಅಜ್ಜಿಯಿಂದ ಊಟದ ತಟ್ಟೆಗೆ.

"ಚಿಕ್ಕೆಂಕಟಪ್ಪನ ಮಗಳ್ನ ಈಗ ಮುಯ್ಯಿಗೆ ಕರೆಯೋಕಿಲ್ವಂತೆ" ಅಂದಳು ಅಜ್ಜಿ, ಮುದ್ದೆ ಇಡುತ್ತ. "ಮೆಣಸಿನ್ಕಾಯಿ ತೋಟಕ್ಕೆ ಓದ್ರೆ, ನೀ ಬ್ಯಾಡ ಬುಡವ್ವ, ಗಿಡಾನೂ ಕಿತ್ತಾಕ್ಬುಟ್ಟೀಯ ಅಂದ್ರಂತೆ. ಮನೇಲಿ ಮೂಲೆ ಇಡ್ದು ಕೂತವ್ಳಂತೆ."



ಅಜ್ಜಿ ಸಾರು ಬಡಿಸಿದಳು. "ಕಳೆ ಕೀಳೋಕೆ ಬರ್ದಿರೋ ಮಗೀನ ನಮ್ಮ ಊರಲ್ಲಿ ನಾ ಕಂಡಿರೋದು ಒಂದೇ ಒಂದು" ಎಂದು ಹೇಳಿ, ಆ ಮಗು ಯಾವುದೆಂದು ಹೇಳದೆ, ಎದುರಿಗೆ ಕೂತು ತನ್ನ ಮುದ್ದೆ ಮುರಿದಳು.

ಆ ವಾರವೆಲ್ಲ ಅನಸೂಯ ಹೇಳುವುದನ್ನು ಅಭ್ಯಾಸ ಮಾಡಿದಳು. ಮೊದಲು ಕನ್ನಡಿಗೆ ಹೇಳಿದಳು. ಕನ್ನಡಿಯಲ್ಲಿದ್ದವಳು ತುಂಬ ನಾಚಿಕೊಂಡಳು. ನೀರೊಲೆಗೆ ಹೇಳಿದಳು, ಹಿತ್ತಲಿನ ನುಗ್ಗೆ ಮರಕ್ಕೆ ಹೇಳಿದಳು. ಅದು ನುಗ್ಗೆ ಎಂಬುದು ಮಾತ್ರ ಅವಳಿಗೆ ಖಂಡಿತವಾಗಿ ಗೊತ್ತಿತ್ತು, ಕಾಯಿ ಬಿಟ್ಟಿತ್ತು. ಎರಡು ಸಲ ಹೆಡ್‌ಮಿಸ್ಟ್ರೆಸ್ಸರ ಕೋಣೆಯ ಬಾಗಿಲ ತನಕ ಹೋದಳು. ಒಂದು ಸಲ ಹಾಜರಿ ಪುಸ್ತಕ ಕೇಳಿಕೊಂಡು ಬಂದಳು, ಇನ್ನೊಂದು ಸಲ ಸೀಮೆಸುಣ್ಣ. ಡೈರಿಯಲ್ಲಿ ಅದನ್ನೇ ಏಳು ದಿನ ಏಳು ಬಗೆಯಾಗಿ ಬರೆದಳು. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಡೈರಿ ಮಾತ್ರ ಹೋಗಿ ಯಾರಿಗೂ ಹೇಳಲಿಲ್ಲ.

ಪ್ರದರ್ಶನದ ದಿನ ಚಾಂಪಿಯನ್ ರೀಫ್ಸಿನ ಮೈದಾನದಲ್ಲಿ ಬ್ಯಾಂಡು, ಬಣ್ಣದ ಕಾಗದದ ತೋರಣ, ದೊರೆಗಳ ಟೋಪಿ, ದೊರೆಸಾನಿಯರ ಕೊಡೆ. ಗಣಿಯ ಕೂಲಿಯವರು, ಸುತ್ತಿನ ಹಳ್ಳಿಯವರು ಹಗ್ಗದಾಚೆ ನಿಂತು, ಮೂರು ಭಾಷೆಯಲ್ಲಿ ಹೂವಿಗೆ ಬೆಲೆ ಕಟ್ಟುತ್ತಿದ್ದರು. ಹೈಸ್ಕೂಲು ಹುಡುಗರ ಬಿದಿರಿನ ಗೋಪುರದ ರಾಟೆ ತಿರುಗಿತು, ಎರಡನೇ ಸಲ ತಿರುಗುವಾಗ ಕೆಳಗಿಳಿದು ಗುಲಾಬಿಯ ಮೇಲೆ ಕೂತಿತು. ಇನ್ನೊಂದು ಶಾಲೆಯ ಗುಲಾಬಿ ಕಮಾನಿಗೆ ರಾತ್ರಿ ದಾರದಲ್ಲಿ ಕಟ್ಟಿದ ಹೂವೆಲ್ಲ ಬಿಸಿಲಿಗೆ ತಲೆ ಬಾಗಿಸಿತ್ತು.

ಬಂಗಾರಪೇಟೆಯ ತೋಟ ಮಾತ್ರ ಬಿಸಿಲಿಗೆ ಹುಟ್ಟಿದ್ದು, ಬಿಸಿಲಿಗೆ ಬಗ್ಗಲಿಲ್ಲ. ಎಂಟು ಎಸಳಿನ ಗೆರೆ ಕತ್ತರಿಸಿಟ್ಟ ಹಾಗಿತ್ತು. ಕೀರೆ ಕೆಂಪಾಗಿ ಉರಿಯುತ್ತಿತ್ತು. ಗಣಿಕೆಯ ಕಪ್ಪು ಹಣ್ಣು ಮಿಂಚುತ್ತಿತ್ತು. ಅಣ್ಣೆಸೊಪ್ಪಿನ ಗುಲಾಬಿ ಕುಚ್ಚುಗಳು ಗಾಳಿಗೆ ಒಟ್ಟಿಗೆ ಆ ಕಡೆ, ಒಟ್ಟಿಗೆ ಈ ಕಡೆ ತೂಗುತ್ತಿದ್ದವು. ಇಸ್ತ್ರಿ ಮಾಡಿದ ಲಂಗ ಉಟ್ಟ ಪೇಟೆಯ ಹುಡುಗಿಯರು ನಾಲ್ವರು ಮೂಲೆಗೊಬ್ಬರಂತೆ ನಿಂತಿದ್ದರು. ಹಲಗೆಯ ಪಕ್ಕದಲ್ಲಿ ಅನಸೂಯ, ವರ್ಷಕ್ಕೊಮ್ಮೆಯ ರೇಷ್ಮೆ ಸೀರೆಯಲ್ಲಿ. ಗುಟ್ಟಿನ ಮೇಲಿದ್ದ ಹೊದಿಕೆ ಅವತ್ತು ಮೈಮೇಲಿತ್ತು.

ಹಗ್ಗದಾಚೆ ಅಜ್ಜಿ ಕಾಣಿಸಿದಳು. ಒಬ್ಬಳೇ ಅಲ್ಲ. ಊರಿನ ಮುಯ್ಯಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಸೊಪ್ಪಿಗೆ ಬ್ಯಾಂಡು ಬಾರಿಸುವುದನ್ನು ನೋಡಬೇಕೆಂದು ಅವರಿಗೆಲ್ಲ ಕುತೂಹಲ. ಅವರ ಹಿಂದೆ, ಅಜ್ಜಿಯ ಕೈಯಲ್ಲಿ ಮಣಿಕಟ್ಟು ಸಿಕ್ಕಿಕೊಂಡು, ತಲೆ ತಗ್ಗಿಸಿ ನಿಂತಿದ್ದವಳು ಅಶ್ವತ್ಥಮ್ಮ.

ತೀರ್ಪು ಕೊಡುವ ದೊರೆಸಾನಿ ವಯಸ್ಸಾದವರು. ಇಪ್ಪತ್ತು ವರ್ಷದಿಂದ ಈ ಗಟ್ಟಿ ಮಣ್ಣಿನಲ್ಲಿ ಗುಲಾಬಿ ಬೆಳೆಸಲು ಹೋರಾಡಿ ಸೋತವರು. ಅವರು ತೋಟವನ್ನು ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು. ಕೊಡೆಯನ್ನು ಪಕ್ಕದವರ ಕೈಗೆ ಕೊಟ್ಟು, ಮಂಡಿಯೂರಿ ಕೂತು, ಗಿಡಗಳನ್ನು ಕೈಯಿಂದ ಸರಿಸಿ ಬುಡ ನೋಡಿದರು. ಒಂದು ಎಸಳಿನದು ಇನ್ನೊಂದು ಎಸಳಿಗೆ ನುಗ್ಗಿರಲಿಲ್ಲ. ಒಂದು ಕಡ್ಡಿ ಗರಿಕೆಯೂ ಇರಲಿಲ್ಲ. ಎದ್ದು ನಿಂತು, ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು: ಇಷ್ಟು ಚೊಕ್ಕಟವಾಗಿ ಕಳೆ ಕಿತ್ತವರು ಯಾರು?

ವೆಂಕಟರತ್ನಮ್ಮನವರು ಉತ್ತರ ತಯಾರು ಮಾಡಿಕೊಂಡೇ ಬಂದಿದ್ದರು. ಎಲ್ಲವೂ ನಮ್ಮ ಈ ಮಿಸ್ ಅನಸೂಯಮ್ಮನವರ ಕಣ್ಗಾವಲಿನಲ್ಲಿ, ಒಕ್ಕಲು ಮನೆತನದವರು, ಪದವೀಧರೆ ಎಂದು ಹೇಳಿ ಅವಳನ್ನು ಭುಜ ಹಿಡಿದು ಒಂದು ಹೆಜ್ಜೆ ಮುಂದೆ ತಂದರು. ದೊರೆಸಾನಿ ಕೈ ಕುಲುಕಲು ಕೈ ಚಾಚಿದರು.

ಅನಸೂಯ ಆ ಕೈಯನ್ನು ನೋಡಿದಳು. ಬಿಳಿ ಕೈಗವಸಿನ ಬೆರಳ ತುದಿಗೆ ಮಣ್ಣು ಮೆತ್ತಿತ್ತು. ಆಮೇಲೆ ಹಗ್ಗದ ಕಡೆ ನೋಡಿದಳು. ಅಶ್ವತ್ಥಮ್ಮ ತಲೆ ಎತ್ತಿರಲಿಲ್ಲ, ಆದರೆ ಅವಳ ಕಣ್ಣು ತೋಟದ ಮೇಲಿತ್ತು. ಎರಡನೇ ಎಸಳಿನ ಅಂಚಿನಲ್ಲಿ ಬಾಗಿದ್ದ ಒಂದೇ ಒಂದು ಕೀರೆ ಗಿಡವನ್ನು ನೆಟ್ಟಗೆ ಮಾಡಬೇಕೆಂದು ಅವಳ ಬೆರಳು ಲಂಗದ ಮೇಲೆ ಆಡುತ್ತಿತ್ತು. ಪಕ್ಕದಲ್ಲಿ ಮುಯ್ಯಿಯ ಹೆಂಗಸರು. ಅವರಿಗೆ ಇಂಗ್ಲಿಷು ಬಾರದು. ಇಂಗ್ಲಿಷಿನಲ್ಲಿ ಏನು ಹೇಳಿದರೂ ಆ ಹುಡುಗಿಗೆ ಅದರಿಂದ ಉಪಯೋಗವಿಲ್ಲ.

ಅನಸೂಯ ದೊರೆಸಾನಿಗೆ ಕೈ ಮುಗಿದು, ಹಗ್ಗದ ಕಡೆ ತಿರುಗಿ, ಕನ್ನಡದಲ್ಲಿ ಹೇಳಿದಳು. ಅವಳ ಪ್ರಕಾರ ಹೇಳಿದಳು. ತುಟಿ ಅಲ್ಲಾಡಿತು, ಉಸಿರು ಬಂತು. ಬ್ಯಾಂಡಿನ ಸದ್ದಿನಲ್ಲಿ ಅದು ಅವಳ ಕಿವಿಗೂ ಬೀಳಲಿಲ್ಲ.

ಹಗ್ಗದಾಚೆಯಿಂದ ಅಜ್ಜಿ ಕಿವಿಗೆ ಅಂಗೈ ಹಿಡಿದಳು. "ಏನಂದೆ ಅಮ್ಮಿ? ಕೇಳಿಸ್ನಿಲ್ಲ. ಇಲ್ಲಿಗಂಟ ಬರೋ ಅಂಗೆ ಏಳು."

ಬ್ಯಾಂಡಿನವರು ಅಷ್ಟರಲ್ಲಿ ಹಾಡು ಮುಗಿಸಿ ಕಹಳೆಯ ಎಂಜಲು ಒರೆಸಿಕೊಳ್ಳುತ್ತಿದ್ದರು. ಮೈದಾನಕ್ಕೆ ಮೈದಾನವೇ ಅವಳ ಬಾಯಿ ನೋಡುತ್ತಿದ್ದ ಹಾಗಿತ್ತು. ವೆಂಕಟರತ್ನಮ್ಮನವರ ಕೈ ಇನ್ನೂ ಭುಜದ ಮೇಲಿತ್ತು. ಅನಸೂಯ ಅದರ ಕೆಳಗಿಂದ ಸರಿದು, ಹಗ್ಗದ ತನಕ ನಡೆದು, ತನಗೆ ಅಷ್ಟು ದೊಡ್ಡ ಗಂಟಲಿದೆಯೆಂದು ಅವಳಿಗೇ ಗೊತ್ತಿಲ್ಲದ ಗಂಟಲಿನಲ್ಲಿ ಹೇಳಿದಳು:

"ಕಿತ್ತವಳು ಅಶ್ವತ್ಥಮ್ಮ. ಅವಳು ನನ್ನನ್ನು ಕೇಳಿಯೇ ಕಿತ್ತಳು, ಕೀಳು ಅಂದವಳು ನಾನು. ನನಗೆ ಕಳೆಗೂ ಬೆಳೆಗೂ ವ್ಯತ್ಯಾಸ ಗೊತ್ತಿಲ್ಲ."